ಎಲೆಕ್ಟ್ರಿಕ್ ಕಾರು ಗೆದ್ದರೆ ಹಣ ಹಾಕಿದವರೂ ಗೆಲ್ಲುತ್ತಾರಾ?

ವಾಟ್ಸಾಪ್ ಗುಂಪು: ಮನೆ ಮಂದಿ
ಭಾನುವಾರ

ಚಿಕ್ಕಪ್ಪ (ಫಾರ್ವರ್ಡ್): ಪೆಟ್ರೋಲ್ ಕಾಲ ಮುಗಿಯಿತು! ಇನ್ನು ಹತ್ತು ವರ್ಷದಲ್ಲಿ ರಸ್ತೆ ಮೇಲೆ ಎಲೆಕ್ಟ್ರಿಕ್ ಕಾರು ಮಾತ್ರ. ಸೌರ, ಗಾಳಿ, ಬ್ಯಾಟರಿಗೆ ಇವತ್ತು ಹಣ ಹಾಕಿದವರೇ ನಾಳೆಯ ಸಾಹುಕಾರರು. ಆಮೇಲೆ ಕೈ ಹಿಸುಕಿಕೊಂಡರೆ ಪ್ರಯೋಜನವಿಲ್ಲ. ಕೆಳಗಿನ ಲಿಂಕ್ ಒತ್ತಿ.

ಚಿಕ್ಕಪ್ಪ: ಎಲ್ಲರೂ ಓದಿ. ನಿವೃತ್ತಿಯಲ್ಲಿ ಬಂದ ಹಣದಲ್ಲಿ ಅರ್ಧ ಇದಕ್ಕೇ ಹಾಕೋಣ ಅಂದುಕೊಂಡಿದ್ದೇನೆ. ಬ್ಯಾಂಕಿನಲ್ಲಿಟ್ಟರೆ ಏನು ಸಿಗುತ್ತದೆ ಹೇಳಿ.

ತಮ್ಮ: ಒಳ್ಳೆಯ ಯೋಚನೆ ಚಿಕ್ಕಪ್ಪ. 2024ರಲ್ಲಿ ಪ್ರಪಂಚದಲ್ಲಿ 1 ಕೋಟಿ 70 ಲಕ್ಷಕ್ಕೂ ಜಾಸ್ತಿ ಎಲೆಕ್ಟ್ರಿಕ್ ಕಾರುಗಳು ಮಾರಾಟವಾಗಿವೆ, ಪೆಟ್ರೋಲ್ ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್ ಸೇರಿ. ಹೊಸ ಕಾರು ಐದರಲ್ಲಿ ಒಂದಕ್ಕಿಂತ ಜಾಸ್ತಿ. ನಾರ್ವೆಯಲ್ಲಂತೂ ಹತ್ತರಲ್ಲಿ ಒಂಬತ್ತರ ಹತ್ತಿರ.

ಭಾವ: ನಾನು ಒಪ್ಪುವುದಿಲ್ಲ. ಕರೆಂಟ್ ಬರುವುದು ಕಲ್ಲಿದ್ದಲಿನಿಂದ. ಹೊಗೆ ಕಾರಿನ ಹಿಂದಿನಿಂದ ಹೋಗಿ ವಿದ್ಯುತ್ ಸ್ಥಾವರದ ಚಿಮಣಿ ಸೇರಿತು, ಅಷ್ಟೇ. ಇದಕ್ಕೆ ಭವಿಷ್ಯ ಅಂತ ಹೆಸರು ಬೇರೆ.

ಅಕ್ಕ: ಇವರು ಹೇಳಿದ್ದರಲ್ಲಿ ಅರ್ಧ ನಿಜ. ಬ್ಯಾಟರಿ ತಯಾರಿಸುವಾಗ ಜಾಸ್ತಿ ಇಂಗಾಲ ಹೊರಬೀಳುತ್ತದೆ. ಎಲೆಕ್ಟ್ರಿಕ್ ಕಾರು ಹುಟ್ಟುವಾಗಲೇ ಒಂದು ಸಾಲ ಹೊತ್ತುಕೊಂಡು ಬರುತ್ತದೆ. ಆದರೆ ಓಡುತ್ತಾ ಓಡುತ್ತಾ ತೀರಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗದ ಆಸುಪಾಸು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕಾರು ನಿಲ್ಲಿಸಿದ ಮೇಲೆ ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದಲ್ವಾ? ಎಲೆಕ್ಟ್ರಿಕ್ ಕಾರಿನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಚಕ್ರಕ್ಕೆ ಸೇರುತ್ತದೆ. ಬ್ರೇಕ್ ಹಾಕಿದಾಗ ಒಂದಿಷ್ಟು ವಾಪಸ್ ಬ್ಯಾಟರಿಗೂ ಹೋಗುತ್ತದೆ. ಕಲ್ಲಿದ್ದಲು ಜಾಸ್ತಿ ಸುಡುವ ಕಡೆ ಆ ಸಾಲ ತೀರಲು ಹೆಚ್ಚು ಕಿಲೋಮೀಟರ್ ಬೇಕು. ನೀರು, ಗಾಳಿ, ಬಿಸಿಲಿನ ವಿದ್ಯುತ್ ಇರುವ ಕಡೆ ಬೇಗ ತೀರುತ್ತದೆ. ನಾಳೆ ಗ್ರಿಡ್, ಅಂದರೆ ವಿದ್ಯುತ್ ತರುವ ಜಾಲ, ಸ್ವಚ್ಛವಾದರೆ ಇವತ್ತು ಕೊಂಡ ಕಾರೂ ಸ್ವಚ್ಛವಾಗುತ್ತದೆ. ಪೆಟ್ರೋಲ್ ಕಾರಿಗೆ ಆ ದಾರಿ ಇಲ್ಲ.

ಭಾವ: ಬ್ಯಾಟರಿಗೆ ಹಾಕುವ ಕೋಬಾಲ್ಟ್ ಲೋಹದ ಗಣಿಯಲ್ಲಿ ಮಕ್ಕಳು ದುಡಿಯುತ್ತಾರಲ್ಲ, ಅದಕ್ಕೇನು ಹೇಳುತ್ತೀಯ?

ಅಕ್ಕ: ಅದು ನಿಜವಾದ ನೋವು, ಮುಚ್ಚಿಡಬಾರದು. ಪ್ರಪಂಚದ ಕೋಬಾಲ್ಟಿನಲ್ಲಿ ದೊಡ್ಡ ಪಾಲು ಕಾಂಗೋ ದೇಶದ್ದು. ಈಗ ಕೋಬಾಲ್ಟ್ ಇಲ್ಲದ ಎಲ್‌ಎಫ್‌ಪಿ ಬ್ಯಾಟರಿ ಜಾಸ್ತಿಯಾಗುತ್ತಿದೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುತ್ತಾರೆ. ಸಮಸ್ಯೆ ಪೂರ್ತಿ ಹೋಗಿಲ್ಲ, ಆದರೆ ದಾರಿ ಕಾಣುತ್ತಿದೆ.

ಚಿಕ್ಕಪ್ಪ: ನೋಡಿದಿರಾ? ಕಾರು ಗೆಲ್ಲುತ್ತದೆ ಅಂತ ಎಲ್ಲರೂ ಒಪ್ಪಿದ ಹಾಗಾಯಿತು. ಮತ್ತೆ ಹಣ ಹಾಕುವುದಕ್ಕೆ ಅಡ್ಡಿ ಏನು?

ನಾನು: ಚಿಕ್ಕಪ್ಪ, ನನಗೆ ಕಾಡುವುದು ಅಲ್ಲೇ. ಕಾರಿನ ವಿಷಯದಲ್ಲಿ ನಾನು ಅಕ್ಕನ ಕಡೆಯೇ. ಆದರೆ ಕಾರು ಗೆಲ್ಲುವುದು ಬೇರೆ, ಕಾರಿಗೆ ಹಣ ಹಾಕಿದವರು ಗೆಲ್ಲುವುದು ಬೇರೆ. ಫಾರ್ವರ್ಡ್ ಇವೆರಡನ್ನೂ ಒಂದೇ ಗಂಟು ಹಾಕಿದೆ.

ಬ್ಯಾಟರಿಯನ್ನೇ ತೆಗೆದುಕೊಳ್ಳಿ. 2010ರಲ್ಲಿ ಒಂದು ಕಿಲೋವ್ಯಾಟ್ ಅವರ್, ಅಂದರೆ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರಿಗೂ ಜಾಸ್ತಿ ಕೊಡಬೇಕಿತ್ತು. 2024ರಲ್ಲಿ ಸರಾಸರಿ 115 ಡಾಲರ್, ಇದು ಇಂಧನ ಮಾರುಕಟ್ಟೆಯ ಅಧ್ಯಯನ ಮಾಡುವ ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ ಲೆಕ್ಕ. ಸೌರ ವಿದ್ಯುತ್ತಿನ ವೆಚ್ಚವೂ 2010ರಿಂದ 2020ರೊಳಗೆ ನೂರಕ್ಕೆ 80ಕ್ಕಿಂತ ಜಾಸ್ತಿ ಇಳಿಯಿತು. ಬೆಲೆ ಬಿದ್ದಿದ್ದಕ್ಕೇ ಈ ಕಾರು, ಈ ಫಲಕ ಗೆಲ್ಲುತ್ತಿವೆ. ಈಗ ನೀವೇ ಹೇಳಿ, ನಾವು ಮಾರುವ ಸರಕಿನ ಬೆಲೆ ವರ್ಷ ವರ್ಷ ಕುಸಿಯುತ್ತಿದ್ದರೆ ಮಾರುವವನಿಗೆ ಏನು ಉಳಿಯುತ್ತದೆ? ಜಗತ್ತಿಗೆ ಒಳ್ಳೆಯದಾಗುವ ಅದೇ ಕಾರಣ ಕಾರ್ಖಾನೆಯ ಲಾಭವನ್ನು ತಿನ್ನುತ್ತದೆ.

ಭಾವ: ಇದನ್ನು ನಾನು ಅನುಭವಿಸಿದ್ದೇನೆ. ಯಾರಿಗೂ ಹೇಳಿರಲಿಲ್ಲ. ಮದುವೆಗೆ ಮುಂಚೆ ಒಂದು ಸೌರ ಫಲಕದ ಕಂಪನಿಯ ಷೇರು ತೆಗೆದುಕೊಂಡಿದ್ದೆ. ಪ್ರತಿ ವರ್ಷ ಅವರು ಮಾರುವ ಫಲಕ ಜಾಸ್ತಿಯಾಗುತ್ತಿತ್ತು. ಪತ್ರಿಕೆಯಲ್ಲಿ ಅದನ್ನೇ ಓದಿ ಖುಷಿಪಡುತ್ತಿದ್ದೆ. ಷೇರಿನ ಬೆಲೆ ಮಾತ್ರ ಇಳಿಯುತ್ತಲೇ ಹೋಯಿತು. ಕೊನೆಗೆ ಹತ್ತರಲ್ಲಿ ಒಂದು ಭಾಗವೂ ಕೈಗೆ ಬರಲಿಲ್ಲ. ಆವತ್ತಿನಿಂದ ಸೌರ ಅಂದರೆ ನನಗೆ ಸಿಟ್ಟು.

ಅಕ್ಕ: ಇಷ್ಟು ವರ್ಷ ನನಗೂ ಹೇಳಿಲ್ಲವಲ್ಲ!

ನಾನು: ಭಾವ, ನೀವು ಸೋತಿದ್ದು ಸೌರ ಶಕ್ತಿ ಸುಳ್ಳು ಅಂತಲ್ಲ. ಫಲಕ ಕೊಳ್ಳುವವರು ಬೆಲೆ ಕೇಳುತ್ತಾರೆಯೇ ಹೊರತು ಯಾವ ಕಂಪನಿ ಅಂತ ಅಷ್ಟಾಗಿ ಕೇಳುವುದಿಲ್ಲ. ಅಮೆರಿಕದ ಸೌರ ಫಲಕ ಕಂಪನಿ ಸೋಲಿಂಡ್ರಾಗೆ ಅಲ್ಲಿನ ಸರ್ಕಾರವೇ 53.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತ್ತು. ಅವರದು ಕೊಳವೆಯಂಥ ಹೊಸ ಬಗೆಯ ಫಲಕ. ಮಾಮೂಲಿ ಸಿಲಿಕಾನ್ ಫಲಕ ಅಗ್ಗವಾದ ತಕ್ಷಣ ಅದನ್ನು ಕೇಳುವವರಿರಲಿಲ್ಲ. 2011ರಲ್ಲಿ ದಿವಾಳಿಯಾಯಿತು. ಚೀನಾದ ಸನ್‌ಟೆಕ್ ಒಂದು ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಫಲಕ ತಯಾರಕ. 2013ರಲ್ಲಿ ಸಾಲ ಕಟ್ಟಲಾಗದೆ ಕೈ ಎತ್ತಿತು. ಆ ವರ್ಷಗಳಲ್ಲಿ ಜಗತ್ತಿನಲ್ಲಿ ಸೌರ ಫಲಕ ಕೂರಿಸುವುದು ಮಾತ್ರ ಒಂದು ವರ್ಷವೂ ನಿಲ್ಲಲಿಲ್ಲ. ಬ್ಯಾಟರಿಯಲ್ಲೂ ಇದೇ ಕಥೆ. ಯುರೋಪಿನ ದೊಡ್ಡ ಆಸೆಯಾಗಿದ್ದ ಸ್ವೀಡನ್ನಿನ ನಾರ್ತ್‌ವೋಲ್ಟ್ 2025ರ ಮಾರ್ಚಿನಲ್ಲಿ ದಿವಾಳಿ.

ತಮ್ಮ: ನೀನು ಸೋತವರ ಪಟ್ಟಿ ಮಾತ್ರ ಕೊಡುತ್ತಿದ್ದೀಯ. ಟೆಸ್ಲಾ 2010ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗ 17 ಡಾಲರ್. ಚೀನಾದ ಕಾರು, ಬ್ಯಾಟರಿ ಕಂಪನಿ ಬಿವೈಡಿಗೆ ವಾರೆನ್ ಬಫೆಟ್ ಅವರ ಹೂಡಿಕೆ ಕಂಪನಿ ಬರ್ಕ್‌ಶೈರ್ ಹ್ಯಾಥವೇ 2008ರಲ್ಲಿ ಸುಮಾರು 23 ಕೋಟಿ ಡಾಲರ್ ಹಾಕಿತು. ಎಷ್ಟು ಪಟ್ಟು ಆಯಿತು ನೋಡು.

ನಾನು: ಒಪ್ಪುತ್ತೇನೆ, ಗೆದ್ದವರು ಭಾರಿ ಗೆದ್ದಿದ್ದಾರೆ. ಆದರೆ ಬರ್ಕ್‌ಶೈರಿಗೆ ಅದು ಒಟ್ಟು ಹಣದಲ್ಲಿ ಸಣ್ಣ ಪಾಲು. ಮಾರಲು ಶುರು ಮಾಡಿದ್ದು 2022ರಲ್ಲಿ. 14 ವರ್ಷ ಕಾದರು. ಚಿಕ್ಕಪ್ಪನ ಹಾಗೆ ನಿವೃತ್ತಿಯ ಹಣದ ಅರ್ಧ ಅಲ್ಲ. ಟೆಸ್ಲಾ ಕೂಡ 2008ರ ಕೊನೆಯಲ್ಲಿ ಮುಳುಗುವ ಹಂತಕ್ಕೆ ಹೋಗಿತ್ತು. ಇವತ್ತು ನಮಗೆ ಅದರ ಹೆಸರು ಸುಲಭವಾಗಿ ಬಾಯಿಗೆ ಬರುತ್ತದೆ. ಫಿಸ್ಕರ್, ಲಾರ್ಡ್ಸ್‌ಟೌನ್, ನಿಕೋಲಾ ಅಂತ ಕಂಪನಿಗಳೂ ಇದ್ದವು. ಅವುಗಳೂ ಇದೇ ಭರವಸೆ ಮಾರಿದ್ದವು. ಮೂರೂ ದಿವಾಳಿ ಅರ್ಜಿ ಹಾಕಿದವು.

ತಮ್ಮ: ಹಾಗಾದರೆ ಲಿಥಿಯಂ ಗಣಿಗೆ ಹಾಕಬಹುದಲ್ಲ? ಯಾವ ಕಾರು ಗೆದ್ದರೂ ಬ್ಯಾಟರಿಗೆ ಲಿಥಿಯಂ ಬೇಕೇ ಬೇಕು.

ನಾನು: 2022ರ ಕೊನೆಯಲ್ಲಿ ಎಲ್ಲರೂ ಹಾಗೇ ಅಂದಿದ್ದರು. ಆಗ ಅದರ ಬೆಲೆ ತುತ್ತತುದಿಯಲ್ಲಿತ್ತು. ಒಂದು ವರ್ಷ ಸ್ವಲ್ಪ ಕಳೆಯುವಷ್ಟರಲ್ಲಿ ನೂರಕ್ಕೆ 80ರಷ್ಟು ಕುಸಿಯಿತು. ಕಾರು ಮಾರಾಟವೇನೂ ಕಡಿಮೆಯಾಗಿರಲಿಲ್ಲ. ಬೆಲೆ ಏರಿದಾಗ ಎಲ್ಲ ಕಡೆ ಗಣಿ ಅಗೆದರು, ಸರಕು ತುಂಬಿತು.

ಅಕ್ಕ: ವಿದ್ಯುತ್ ಉತ್ಪಾದಿಸುವ ಕಂಪನಿಗಳದ್ದು ಇನ್ನೊಂದು ಕಷ್ಟ. ಗಾಳಿಗೆ, ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಕಂಬ, ರೆಕ್ಕೆ, ಫಲಕಕ್ಕೆಲ್ಲ ಮೊದಲೇ ಸುರಿಯಬೇಕು. ಸಾಲ ತಂದೇ ಸುರಿಯುತ್ತಾರೆ. ಬಡ್ಡಿ ಏರಿದರೆ ಲೆಕ್ಕವೇ ತಲೆಕೆಳಗು. ಸಮುದ್ರದ ಗಾಳಿ ವಿದ್ಯುತ್ತಿನಲ್ಲಿ ಹೆಸರು ಮಾಡಿದ ಡೆನ್ಮಾರ್ಕಿನ ಓರ್ಸ್ಟೆಡ್ ಕೂಡ 2023ರಲ್ಲಿ ಅಮೆರಿಕದ ಎರಡು ದೊಡ್ಡ ಯೋಜನೆ ಕೈಬಿಟ್ಟಿತು. ಮಧ್ಯಾಹ್ನ ಎಲ್ಲರ ಫಲಕಗಳೂ ಒಟ್ಟಿಗೆ ಉತ್ಪಾದಿಸುತ್ತವಲ್ಲ, ಜರ್ಮನಿಯಲ್ಲಿ ಆ ಹೊತ್ತಿಗೆ ಸಗಟು ವಿದ್ಯುತ್ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದೂ ಇದೆ.

ಅಕ್ಕ: ಚಿಕ್ಕಪ್ಪ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಲಿಂಕ್ ಒತ್ತಿದಿರಾ?

ಚಿಕ್ಕಪ್ಪ: ಒತ್ತಿದೆ. ಒಂದು ಆಪ್ ಬಂತು. ಸ್ವಲ್ಪ ಹಣ ಹಾಕಿ ನೋಡಿದ್ದೇನೆ. ಸೌರ ಫಲಕ ಬಾಡಿಗೆಗೆ ಕೊಡುತ್ತಾರಂತೆ. ದಿನಕ್ಕೆ ನೂರಕ್ಕೆ ಎರಡರ ಹಾಗೆ ಏರುತ್ತಿದೆ. ಅದನ್ನು ನೋಡಿಯೇ ಧೈರ್ಯ ಬಂದಿದ್ದು.

ನಾನು: ಅಯ್ಯೋ ಚಿಕ್ಕಪ್ಪ, ದಯವಿಟ್ಟು ಇನ್ನು ಒಂದು ಪೈಸೆಯೂ ಹಾಕಬೇಡಿ. ದಿನಕ್ಕೆ ನೂರಕ್ಕೆ ಎರಡು, ಚಕ್ರಬಡ್ಡಿ ಲೆಕ್ಕ ಹಾಕಿ. ವರ್ಷ ಕಳೆಯುವಷ್ಟರಲ್ಲಿ 1,300 ಪಟ್ಟು ದಾಟುತ್ತದೆ. ಫಲಕ ರಾತ್ರಿ ಕೆಲಸ ಮಾಡುವುದಿಲ್ಲ, ಮೋಡ ಬಂದರೆ ಇಳಿಯುತ್ತದೆ. ವರ್ಷದ ಸರಾಸರಿ ತೆಗೆದರೆ ಅದರ ಪೂರ್ತಿ ಸಾಮರ್ಥ್ಯದ ಕಾಲು ಭಾಗ ಸಿಕ್ಕರೆ ದೊಡ್ಡದು. ಅಂಥ ಯಂತ್ರದಿಂದ ದಿನಾ ಒಂದೇ ಲೆಕ್ಕದ ಲಾಭ ಹೇಗೆ ಬರುತ್ತದೆ? ಪರದೆ ಮೇಲೆ ಏರುತ್ತಿರುವುದು ಬರೀ ಅಂಕಿ.

ಚಿಕ್ಕಪ್ಪ: ನಿನ್ನೆ ವಾಪಸ್ ತೆಗೆಯಲು ನೋಡಿದೆ. ಮೊದಲು ತೆರಿಗೆ ಕಟ್ಟಬೇಕು, ಆಮೇಲೆ ಬಿಡುತ್ತೇವೆ ಅಂದರು.

ಅಕ್ಕ: ಕಟ್ಟಬೇಡಿ! ಮೋಸ ಅನ್ನುವುದಕ್ಕೆ ಅದೇ ಗುರುತು. ಆಪ್ ಅಳಿಸುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬ್ಯಾಂಕಿಗೆ ಈಗಲೇ ಫೋನ್ ಮಾಡಿ. ಸೈಬರ್ ಪೊಲೀಸರಿಗೂ ದೂರು ಕೊಡೋಣ, ನಾನು ಜೊತೆಗಿರುತ್ತೇನೆ.

ಭಾವ: ಚಿಕ್ಕಪ್ಪ, ನಾಚಿಕೆ ಪಡಬೇಡಿ. ನಾನೂ ಕಳೆದುಕೊಂಡವನೇ.

(ನಲವತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಚಿಕ್ಕಪ್ಪ: ಬ್ಯಾಂಕಿಗೆ ಹೇಳಿದೆ. ಖಾತೆಯಿಂದ ಇನ್ನೇನೂ ಹೋಗದ ಹಾಗೆ ತಡೆದಿದ್ದಾರೆ. ಫಾರ್ವರ್ಡ್ ಅಳಿಸಿದ್ದೇನೆ. ಆದರೆ ಒಂದು ಹೇಳು ಮಗ, ಈ ಒಳ್ಳೆಯ ಕೆಲಸಕ್ಕೆ ನನ್ನಂಥವನ ಹಣ ಬೇಡವೇ ಬೇಡವಾ?

ನಾನು: ಬೇಕು ಚಿಕ್ಕಪ್ಪ. ಬೆಲೆ ಇಳಿದರೆ ಲಾಭ ಕೊಳ್ಳುವವನಿಗೆ. ಹಾಗಾಗಿ ಮೊದಲು ಕೊಳ್ಳುವವರ ಸಾಲಿನಲ್ಲಿ ನಿಲ್ಲಿ. ನಿಮ್ಮ ಚಾವಣಿಗೆ ಬಿಸಿಲು ಚೆನ್ನಾಗಿ ಬಿದ್ದರೆ ಫಲಕ ಹಾಕಿಸಿ. ಅದರ ಆದಾಯ ವಿದ್ಯುತ್ ಬಿಲ್ಲಿನಲ್ಲೇ ಕಾಣುತ್ತದೆ, ಯಾರ ಷೇರು ಬಿದ್ದರೂ ನಿಲ್ಲುವುದಿಲ್ಲ. ಕಾರು ಬದಲಿಸುವ ಕಾಲ ಬಂದಾಗ ಎಲೆಕ್ಟ್ರಿಕ್ ನೋಡಿ. ದಿನಕ್ಕೆ ಎಷ್ಟು ಓಡಿಸುತ್ತೀರಿ, ಮನೆಯಲ್ಲೇ ಚಾರ್ಜ್ ಮಾಡಲು ಜಾಗ ಇದೆಯಾ, ಇವೆರಡನ್ನು ಮೊದಲು ನೋಡಬೇಕು. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷದ ವಾರಂಟಿ ಇರುತ್ತದೆ. ಷೇರಿನ ಆಸೆ ಇದ್ದೇ ಇದ್ದರೆ, ಹತ್ತು ವರ್ಷ ಮುಟ್ಟಬೇಕಾಗದ ಹಣದಲ್ಲಿ ಒಂದು ಸಣ್ಣ ಪಾಲು ಹಾಕಿ. ಒಂದೇ ಕಂಪನಿಗೆ ಬೇಡ, ತುಂಬಾ ಕಂಪನಿಗಳ ಷೇರು ಒಟ್ಟಿಗಿರುವ ಮ್ಯೂಚುವಲ್ ಫಂಡ್ ಆಗಲಿ.

ತಮ್ಮ: ನಾನೂ ಆ ಲಿಂಕ್ ನೋಡದೆ ಒಳ್ಳೆಯ ಯೋಚನೆ ಅಂದುಬಿಟ್ಟೆ. ಕ್ಷಮಿಸಿ ಚಿಕ್ಕಪ್ಪ.

ಚಿಕ್ಕಪ್ಪ: ಇರಲಿ ಬಿಡು. ಚಾವಣಿ ಅಳತೆ ಹಿಡಿಯಲು ಯಾರು ಬರುತ್ತೀರಿ?

ಭಾವ: ನಾನು ಬರುತ್ತೇನೆ. ಹಿಂದಿನ ವರ್ಷದ ಬಿಲ್ಲುಗಳನ್ನೆಲ್ಲ ತೆಗೆದಿಡಿ.