ಪಕ್ಕೆ ನೋವಿನ 'ಸ್ಟಿಚ್' ದರ್ಜಿಯ ಅಂಗಡಿಯಿಂದ ಬಂದಿದ್ದಾ?

ಪೊನ್ನಂಪೇಟೆ ಹಾಫ್‌ಬ್ಯಾಕ್:
ಹಾಕಿ ಆಡುವಾಗ ನಮ್ಮ ಹುಡುಗರಿಗೆ ಪಕ್ಕೆ ಹಿಡಿದುಕೊಂಡರೆ ಕೋಚ್ 'ಸ್ಟಿಚ್ ಬಂದಿದೆ' ಅಂತಾರೆ. ಸೂಜಿಯಲ್ಲಿ ಹೊಲಿದ ಹಾಗೆ ನೋಯುತ್ತದೆ, ಅದಕ್ಕೇ ಆ ಹೆಸರು. ಹೊಲಿಗೆಯ ಪದ ನೋವಿಗೆ ಬಂತು, ಅಷ್ಟೇ ಅಲ್ವಾ?

ವಿರಾಜಪೇಟೆ ಮೇಷ್ಟ್ರು:
ಇಲ್ಲ, ಉಲ್ಟಾ. ಹಳೆಯ ಇಂಗ್ಲಿಷಿನಲ್ಲಿ 'ಸ್ಟಿಚೆ' ಅಂದರೆ ಇರಿತ, ಚುಚ್ಚಿದ ಗಾಯ, ಚುಚ್ಚುವ ನೋವು. ಹೊಲಿಗೆಯ ಅರ್ಥ ಆಮೇಲೆ ಸೇರಿಕೊಂಡಿದ್ದು.

ಕುಶಾಲನಗರ ಓದುಗಿ:
ಆಧಾರ ಕೊಡಿ ಸರ್. ಸುಮ್ನೆ ಹೇಳಿದರೆ ಹೇಗೆ?

ವಿರಾಜಪೇಟೆ ಮೇಷ್ಟ್ರು:
ಕೇಳಿದ್ದು ಸರಿಯಾಗಿದೆ. ಬ್ರಿಟಿಷ್ ಲೈಬ್ರರಿಯಲ್ಲಿ 'ಲಾಕ್ನುಂಗ' ಎಂಬ ಮದ್ದು ಮಂತ್ರಗಳ ಹಸ್ತಪ್ರತಿ ಇದೆ, ಸುಮಾರು 1000ನೇ ಇಸವಿಯ ಆಸುಪಾಸಿನದು. ಅದರಲ್ಲಿ 'ಫ್ಯಾರ್‌ಸ್ಟಿಚೆ'ಗೆ, ಅಂದರೆ ಹಠಾತ್ತಾಗಿ ತಿವಿಯುವ ನೋವಿಗೆ, ಒಂದು ಮಂತ್ರ ಸಿಗುತ್ತದೆ. ಬಲಶಾಲಿ ಹೆಂಗಸರು ಕಿರುಚುತ್ತಾ ಈಟಿ ಎಸೆದಿದ್ದಾರೆ, ಆ ಈಟಿಯೇ ಮೈಯೊಳಗೆ ಕೂತು ನೋಯಿಸುತ್ತಿದೆ ಅನ್ನುವ ನಂಬಿಕೆ. 'ಪುಟ್ಟ ಈಟಿಯೇ, ಒಳಗಿದ್ದರೆ ಹೊರಗೆ ಬಾ' ಅಂತ ಮತ್ತೆ ಮತ್ತೆ ಕರೆಯುತ್ತಾರೆ. ಮದ್ದಿಗೆ ಕೆಂಪು ತುರಚೆ ಗಿಡವನ್ನೂ ಇನ್ನೆರಡು ಸೊಪ್ಪನ್ನೂ ಬೆಣ್ಣೆಯಲ್ಲಿ ಕುದಿಸಬೇಕು. ಇಲ್ಲಿ ಸೂಜಿ ದಾರದ ಮಾತೇ ಇಲ್ಲ ನೋಡಿ.

ಸೋಮವಾರಪೇಟೆ ತೋಟದವ:
ಮಂತ್ರ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಓಡುವವನ ಪಕ್ಕೆ ನೋವು ಅಂತ ಎಲ್ಲಿದೆ? ಸೊಂಟ ಹಿಡಿದದ್ದೂ ಇರಬಹುದು, ಕೀಲು ನೋವೂ ಇರಬಹುದು.

ವಿರಾಜಪೇಟೆ ಮೇಷ್ಟ್ರು:
ಪಕ್ಕೆ ಒಂದೇ ಅಂತ ನಾನೂ ಹೇಳುತ್ತಿಲ್ಲ. ಚರ್ಮಕ್ಕೆ ಬಿತ್ತೋ, ಮಾಂಸಕ್ಕೆ ಬಿತ್ತೋ, ರಕ್ತಕ್ಕೋ, ಕೈಕಾಲಿಗೋ ಅಂತ ಮಂತ್ರವೇ ಕೇಳುತ್ತದೆ. ಮೈಯಲ್ಲಿ ಎಲ್ಲಿ ತಿವಿದರೂ ಅದು ಸ್ಟಿಚೆ. ಪಕ್ಕೆಯಲ್ಲೇ ಉಳಿದುಕೊಂಡಿದ್ದು ಈಗಿನ ಬಳಕೆ.

ಕುಶಾಲನಗರ ಓದುಗಿ:
ಹಾಗಾದರೆ ಜರ್ಮನ್ ಕೂಡ ಇದೇ ಸಾಲಿಗೆ ಬರುತ್ತದೆ. ಸೊಂಟಕ್ಕೆ ಫಕ್ಕನೆ ಚಳುಕು ಹೊಡೆದರೆ ಅಲ್ಲಿ ಇವತ್ತಿಗೂ 'ಹೆಕ್ಸೆನ್‌ಶುಸ್' ಅಂತಾರೆ, ಮಾಟಗಾತಿ ಹೊಡೆದ ಏಟು. ಹೊಡೆದವರು ಯಾರೂ ಕಾಣುವುದಿಲ್ಲ, ನೋವು ಮಾತ್ರ ಒಂದೇ ಕ್ಷಣದಲ್ಲಿ ಬರುತ್ತದೆ, ಆಗ ಯಾರೋ ಎಸೆದರು ಅಂತ ಜನರಿಗೆ ಅನ್ನಿಸಿದ್ದು ನನಗಂತೂ ಪೂರ್ತಿ ಅರ್ಥವಾಗುತ್ತದೆ.

ಪೊನ್ನಂಪೇಟೆ ಹಾಫ್‌ಬ್ಯಾಕ್:
ಹೊಲಿಗೆ ಅಂತ ಇನ್ನು ಹೇಳುವುದಿಲ್ಲ ಮೇಷ್ಟ್ರೇ. ಹುಡುಗರಿಗೆ ಈಟಿಯ ಕತೆಯನ್ನೇ ಹೇಳುತ್ತೇನೆ. ಜೊತೆಗೆ ಇದನ್ನೂ ಹೇಳಬೇಕು: ಮ್ಯಾಚ್‌ಗೆ ಮುಂಚೆ ಹೊಟ್ಟೆ ತುಂಬಾ ತಿನ್ನಬೇಡಿ, ಸಿಹಿ ಜ್ಯೂಸ್ ಜಾಸ್ತಿ ಕುಡಿಯಬೇಡಿ, ಪಕ್ಕೆ ಹಿಡಿದರೆ ಓಟ ನಿಧಾನ ಮಾಡಿ, ನೋಯುವ ಜಾಗ ಒತ್ತಿ ಹಿಡಿದು ಮುಂದಕ್ಕೆ ಬಗ್ಗಿ.