ಸಹಾಯ ಬೇಕು: ಟ್ಯಾಂಕಿ ತುಂಬುವ ಮೊದಲೇ 555 ಟೈಮರ್ ಐಸಿಯ ಕಂಟ್ರೋಲರ್ ಮೋಟಾರು ನಿಲ್ಲಿಸ್ತದೆ

ಬದಿಯಡ್ಕ ಹತ್ತಿರದ ಅಡಿಕೆ ತೋಟ. ಟ್ಯಾಂಕಿ ಗುಡ್ಡೆ ಮೇಲೆ, ಕಂಟ್ರೋಲರ್ ಕೆಳಗೆ ಪಂಪ್ ಶೆಡ್ಡಿನಲ್ಲಿ. ನಡುವೆ 60 ಮೀಟರ್ ಸೆನ್ಸರ್ ವಯರ್, ಕರೆಂಟ್ ವಯರಿನ ಜೊತೆ ಒಂದೇ ಪೈಪಿನಲ್ಲಿ. ಮುರಕಲ್ಲು ಕಡಿದು ಬೇರೆ ಪೈಪ್ ಹೂಳುವುದು ಸದ್ಯಕ್ಕೆ ಆಗುವ ಕೆಲಸ ಅಲ್ಲ.

555ಕ್ಕೆ 12 ವೋಲ್ಟ್. ಟ್ಯಾಂಕಿಯ ತಳದ ಸ್ಟೀಲ್ ಸರಳಿಗೆ ಪ್ಲಸ್ 12, ಕೆಳಮಟ್ಟದ ಸರಳು ಪಿನ್ 2ಕ್ಕೆ (ವೋಲ್ಟೇಜ್ ತಗ್ಗಿದರೆ ಮೋಟಾರು ಶುರು ಮಾಡುವ ಪಿನ್), ಮೇಲ್ಮಟ್ಟದ್ದು ಪಿನ್ 6ಕ್ಕೆ (ವೋಲ್ಟೇಜ್ ಏರಿದರೆ ನಿಲ್ಲಿಸುವ ಪಿನ್). ಎರಡೂ ಪಿನ್‌ನಿಂದ ಗ್ರೌಂಡಿಗೆ 1 ಮೆಗಾಓಮ್. ಔಟ್‌ಪುಟ್‌ನಲ್ಲಿ ಬಿಸಿ547 ಟ್ರಾನ್ಸಿಸ್ಟರ್, ರಿಲೇ, ಮೋಟಾರಿನ ದೊಡ್ಡ ಸ್ವಿಚ್ಚಾದ ಕಂಟ್ಯಾಕ್ಟರ್.

ಮೋಟಾರು ಸರಿಯಾಗಿ ಸ್ಟಾರ್ಟ್ ಆಗ್ತದೆ. ನೀರು ಕೆಳಸರಳಿಗೆ ತಾಗಿದ ಕೂಡಲೇ ಟಕ್ ಅಂತ ರಿಲೇ ಬಿಡ್ತದೆ. ಪಿನ್ 2 ತಗ್ಗಿರುವವರೆಗೆ ಪಿನ್ 6ರ ಮಾತು ನಡೆಯುವುದಿಲ್ಲ, ಹಾಗಾಗಿ ಅಲ್ಲಿವರೆಗೆ ಮಾತ್ರ ಓಡುವುದು.

ಪಕ್ಕದ ಕರೆಂಟ್ ವಯರಿನ ಎಸಿ ಸೆನ್ಸರ್ ವಯರಿಗೆ ಹತ್ತಿ ಪಿನ್ 6ಕ್ಕೆ ಬರ್ತದೆ ಅಂತ ಕಂಡು, ಪಿನ್ 6ರಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಮೀಟರಿನಲ್ಲಿ 3.5 ವೋಲ್ಟ್ ಇದ್ದ ಎಸಿ 0.1ಕ್ಕೆ ಇಳಿಯಿತು, ಮೋಟಾರು ಓಡ್ತದೆ. ಆದರೆ ಮನೆಯಲ್ಲಿ ಮಿಕ್ಸಿ ಹಾಕಿದರೆ ಮತ್ತೆ ನಿಲ್ತದೆ. ಪಿನ್ 6ರ ವಯರ್ ಬಿಚ್ಚಿಟ್ಟರೆ ಎಷ್ಟು ಸಲ ಮಿಕ್ಸಿ ಹಾಕಿದರೂ ತೊಂದರೆ ಇಲ್ಲ. ರಿಲೇ ಕಾಯಿಲಿಗೆ 1ಎನ್4007 ಡಯೋಡ್, ಪಿನ್ 5ಕ್ಕೆ 10 ನ್ಯಾನೋ, ಐಸಿ ಪಕ್ಕದಲ್ಲೇ 100 ಮೈಕ್ರೋ ಕೆಪಾಸಿಟರ್ ಎಲ್ಲ ಉಂಟು.

ಈ ಎಸಿ ತಗ್ಗಲಿ ಅಂತ 1 ಮೆಗಾ ತೆಗೆದು 100 ಕಿಲೋ ಹಾಕಿ ನೋಡಿದೆ. ನಮ್ಮ ನೀರಿನಲ್ಲಿ ಸರಳುಗಳ ನಡುವೆ ಸುಮಾರು 60 ಕಿಲೋಓಮ್, ಹಾಗಾಗಿ ಪಿನ್ 6ಕ್ಕೆ ಬರುವುದು 7.5 ವೋಲ್ಟ್. ಮೋಟಾರು ನಿಲ್ಲಿಸಲು ಬೇಕಾದ್ದು 8 (12ರ ಮೂರನೇ ಎರಡು ಭಾಗ). ಟ್ಯಾಂಕಿ ತುಂಬಿ ಹರಿಯಿತು.

ಈಗ ಎರಡು ದಾರಿ ಕಾಣ್ತದೆ. ಟ್ಯಾಂಕಿ ಹತ್ತಿರವೇ ಬಿಸಿ547 ಎಮಿಟರ್ ಫಾಲೋವರ್ (ಸರಳಿನ ದುರ್ಬಲ ಸಿಗ್ನಲ್ಲಿಗೆ ಬಲ ಕೊಡುವ ಟ್ರಾನ್ಸಿಸ್ಟರ್) ಕೂರಿಸಿ ಶೆಡ್ಡಿನ ತುದಿಯಲ್ಲಿ 10 ಕಿಲೋ ಹಾಕುವುದು, ಇಲ್ಲವೇ ಸರಳು ಬಿಟ್ಟು ಫ್ಲೋಟ್ ಸ್ವಿಚ್ ಮತ್ತು ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಐಸಿ). ತುಲಾ ತಿಂಗಳ ಸಿಡಿಲಿಗೆ ಗುಡ್ಡೆ ಮೇಲಿನ ಟ್ರಾನ್ಸಿಸ್ಟರ್ ಉಳಿದೀತಾ ಎಂಬುದೇ ನನ್ನ ಹೆದರಿಕೆ.

ಇಷ್ಟು ಉದ್ದದ ವಯರಿನಲ್ಲಿ ಇವೆರಡರಲ್ಲಿ ಯಾವುದನ್ನು ಮಾಡಿ ನೋಡಿದ್ದೀರಿ, ವಯರಿನ ಎರಡು ತುದಿಗೂ ರಕ್ಷಣೆಗೆ ಏನು ಹಾಕಿದಿರಿ?