ಸಹಾಯ ಬೇಕು: ಅಮೆರಿಕದ ಮೊಬೈಲ್ ಟವರ್‌ಗಳ ನಕ್ಷೆ

ಎಲ್ಲರಿಗೂ ನಮಸ್ಕಾರ. ಕ್ಯೂಜಿಐಎಸ್ (ನಕ್ಷೆ ಮಾಡೋ ತಂತ್ರಾಂಶ) ಬಲ್ಲವರು ದಯವಿಟ್ಟು ನೋಡಿ. ನಾವಿರೋದು ಮೊಂಟಾನಾದಲ್ಲಿ. ಊರು ದಾಟಿದರೆ ಸಿಗ್ನಲ್ ಸಿಗೋದಿಲ್ಲ, ಅಪಘಾತವಾದರೆ ಯಾರನ್ನು ಕರೆಯೋದು ಅನ್ನೋ ಭಯ. ಅದಕ್ಕೇ ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಸಾರ್ವಜನಿಕ ದತ್ತಾಂಶದಿಂದ ಟವರ್‌ಗಳ ನಕ್ಷೆ ಮಾಡ್ತಿದ್ದೇನೆ.

ಅದರಲ್ಲಿ ಟವರ್‌ಗಳ ಸ್ಥಾನ ತೋರಿಸೋ ಡಿಗ್ರಿ, ನಿಮಿಷ, ಸೆಕೆಂಡುಗಳನ್ನು ದಶಮಾಂಶಕ್ಕೆ ತಿರುಗಿಸಿದೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕದೆ ಚುಕ್ಕಿಗಳೆಲ್ಲ ಮಂಗೋಲಿಯಾ ಕಡೆ ಬಿದ್ದಿದ್ದವು, ಅದೂ ಸರಿಹೋಯಿತು. ಈಗಿನ ತೊಡಕು ಬೇರೆ. ಎಫ್‌ಸಿಸಿಯ ಟವರ್ ನೋಂದಣಿ ಪಟ್ಟಿಯಲ್ಲಿರೋದು ಮುಖ್ಯವಾಗಿ 200 ಅಡಿಗಿಂತ ಎತ್ತರದ್ದು ಅಥವಾ ವಿಮಾನ ನಿಲ್ದಾಣದ ಹತ್ತಿರದ್ದು. ಸೆಲ್ಯುಲಾರ್ ಲೈಸೆನ್ಸ್ ಕೊಡೋದು ಪ್ರದೇಶಕ್ಕೆ, ಒಂದೊಂದು ಟವರ್‌ಗಲ್ಲ. ಹಾಗಾಗಿ ಗಿಡ್ಡ ಟವರ್‌ಗಳು, ಕಟ್ಟಡದ ಮೇಲಿನ ಆಂಟೆನಾಗಳು ಎಷ್ಟೋ ಕಾಣೋದೇ ಇಲ್ಲ.

ಓಪನ್‌ಸೆಲ್‌ಐಡಿ ಅನ್ನೋ ಮುಕ್ತ ಟವರ್ ಪಟ್ಟಿಯನ್ನು ಜೋಡಿಸೋಣ ಅಂದರೆ, ಅದರ ಸ್ಥಾನಗಳು ಫೋನ್‌ಗಳ ಅಳತೆಯಿಂದ ಬಂದ ಅಂದಾಜು. ಎರಡೂ ಪಟ್ಟಿಯ ಚುಕ್ಕಿಗಳು ಎಷ್ಟು ಮೀಟರ್ ಒಳಗಿದ್ದರೆ ಒಂದೇ ಟವರ್ ಅಂತ ಹಿಡಿಯಬೇಕು? ಮಾಡಿ ನೋಡಿದವರು ಹೇಳ್ತೀರಾ?